ಪೈಲ್ವಾನ ಮಾಂಸ ಮುಟ್ಟಲಿಲ್ಲ

ಗೋದಾಮಿನ ಮ್ಯಾನೇಜರು ಮನೆಯಿಂದಲೇ ಕಟ್ಟಿಕೊಂಡು ಬಂದಿದ್ದ ಮಾಂಸದ ತುಂಡನ್ನು ಪೈಲ್ವಾನನ ಮುಂದೆ ಎಸೆದರು. ಅದು ಸರಿಯಾಗಿ ಅವನ ಮುಂಗಾಲುಗಳ ನಡುವೆ ಬಿತ್ತು. ಪೈಲ್ವಾನ ತಲೆ ತಗ್ಗಿಸಲಿಲ್ಲ. ಎದುರಿನ ಗೋಡೆಯನ್ನೇ ನೋಡುತ್ತ ಕತ್ತು ಸೆಟೆದುಕೊಂಡು ನಿಂತ. ತುಟಿಯ ಎರಡೂ ಕಡೆಯಿಂದ ಜೊಲ್ಲು ದಾರದಂತೆ ಇಳಿದು ಮಾಂಸದ ಮೇಲೆಯೇ ತೊಟ್ಟಿಕ್ಕಿತು.

"ನೋಡಿ ಸಾರ್," ಎಂದ ಅಣ್ಣ. "ಬಾಯಲ್ಲಿ ನೀರೂರ್ತಿದೆ, ಆದ್ರೂ ಮುಟ್ಟಲ್ಲ. ತರಬೇತಿ ಅನ್ನೋದು ಇದಕ್ಕೆ."

ಮ್ಯಾನೇಜರು ಬೂಟಿನ ತುದಿಯಿಂದ ಮಾಂಸವನ್ನು ಇನ್ನಷ್ಟು ಹತ್ತಿರಕ್ಕೆ ತಳ್ಳಿದರು. ಪೈಲ್ವಾನ ಕಣ್ಣನ್ನಷ್ಟೇ ಕೆಳಕ್ಕೆ ಹೊರಳಿಸಿದ. ಅವರಿಗೆ ನಗು ತಡೆಯಲಾಗಲಿಲ್ಲ. ತಮ್ಮ ಮನೆಯ ಮಕ್ಕಳನ್ನೂ ಒಂದು ವಾರ ಇಲ್ಲಿಗೆ ಕಳಿಸುತ್ತೇನೆ ಎಂದರು. ಬರುವ ಸೋಮವಾರ ನಾಯಿಯನ್ನು ಗೋದಾಮಿಗೆ ಒಪ್ಪಿಸುವುದೆಂದು ಮಾತಾಯಿತು.

ತಂಗಿ ಜಾಲರಿ ಬೇಲಿಗೆ ಒರಗಿಕೊಂಡು ಇದನ್ನೆಲ್ಲ ನೋಡುತ್ತಿದ್ದಳು. ಅಮ್ಮನ ಕಣ್ಣಿನ ಆಪರೇಷನ್ನಿಗೆಂದು ವಾರವಿಡೀ ಆಸ್ಪತ್ರೆಯಲ್ಲಿದ್ದು ಅಂದು ಬೆಳಿಗ್ಗೆಯಷ್ಟೇ ಅಮ್ಮನೊಂದಿಗೆ ಹಿಂದಿರುಗಿದ್ದಳು. ಚಪ್ಪಾಳೆ ಹೊಡೆಯಲು ಅವಳ ಕೈ ಏಳಲಿಲ್ಲ.

ಕಾವಲು ನಾಯಿಗಳನ್ನು ತಯಾರು ಮಾಡುವ ಅಂಗಳ ಅವರದು. ಅಪ್ಪ ಶುರು ಮಾಡಿದ್ದು, ಅಪ್ಪನ ನಂತರ ಅಣ್ಣನ ಕೈಗೆ ಬಂದದ್ದು. ಸುತ್ತಲಿನ ಕಾರ್ಖಾನೆ, ಗೋದಾಮುಗಳವರಿಗೆಲ್ಲ ಅವನು ಮೇಷ್ಟ್ರು. ಬೊಗಳುವುದು, ಬೆನ್ನಟ್ಟುವುದು, ಹಿಡಿದ ತೋಳನ್ನು ಹೇಳುವ ತನಕ ಬಿಡದಿರುವುದು ಅವನು ಕಲಿಸುವ ಪಾಠ. ನೆಲದ ಮೇಲಿನದನ್ನು ತಿನ್ನದಿರುವ ಪಾಠ ತಂಗಿಯದು. ಕಳ್ಳರು ಮೊದಲು ಗೋಡೆಯಾಚೆಯಿಂದ ವಿಷ ಸವರಿದ ಮಾಂಸ ಎಸೆಯುತ್ತಾರೆ, ಆಮೇಲೆ ಗೋಡೆ ಹತ್ತುತ್ತಾರೆ. ಹಾಗಾಗಿ ಈ ಅಂಗಳದ ಯಾವ ನಾಯಿಗೂ ಊಟವನ್ನು ನೆಲದ ಮೇಲೆ ಇಡುವುದಿಲ್ಲ. ನಾಯಿಯ ಎದೆಯೆತ್ತರದ ಕಬ್ಬಿಣದ ಸ್ಟ್ಯಾಂಡಿನಲ್ಲಿ ತಟ್ಟೆ ಇಟ್ಟು 'ತಿನ್ನು' ಎಂದ ಮೇಲಷ್ಟೇ ಬಾಯಿ ಹಾಕಬೇಕು. ನೆಲದಲ್ಲಿರುವುದು ಊಟವಲ್ಲ ಎಂಬುದು ನಾಯಿಯ ತಲೆಯಲ್ಲಿ ಕೂರಬೇಕು.

ಪೈಲ್ವಾನನ ತಲೆಯಲ್ಲಿ ಅದು ಕೂತಿರಲಿಲ್ಲ. ಇನ್ನೂ ವರ್ಷ ತುಂಬದ ಬಾಕ್ಸರ್ ನಾಯಿ ಅವನು. ಚಪ್ಪಟೆ ಮೂತಿ, ಅಗಲ ಎದೆ, ಓಟದಲ್ಲಿ ಎಲ್ಲರಿಗಿಂತ ಮುಂದು. ಆದರೆ ಹೊಟ್ಟೆಬಾಕ ಎಂದರೆ ಹೊಟ್ಟೆಬಾಕ. ಮೂರು ತಿಂಗಳು ತಂಗಿ ಅವನ ಹಿಂದೆ ಬಿದ್ದಿದ್ದಳು. ಮಾಂಸಕ್ಕೆ ಕಹಿ ಸವರಿದರೆ ಕಹಿಯ ಸಮೇತ ನುಂಗಿದ. 'ಬೇಡ' ಎಂದರೆ ಅವಳ ಮುಖ ನೋಡುತ್ತಲೇ ನುಂಗಿದ. ಒಮ್ಮೆ ಪಾತ್ರೆ ಉಜ್ಜುವ ಸ್ಪಂಜನ್ನೂ ನುಂಗಿ, ಅದು ಹೊರಬರುವ ತನಕ ಮನೆಯವರೆಲ್ಲ ಕಾದು ಕೂತಿದ್ದರು. ಅಂಥವನು ಅವಳು ಊರಲ್ಲಿಲ್ಲದ ಒಂದೇ ವಾರದಲ್ಲಿ ಪಾಸಾಗಿದ್ದ. ಆಸ್ಪತ್ರೆಗೆ ಫೋನ್ ಮಾಡಿದಾಗ ಅಣ್ಣ ಅಮ್ಮನ ಕಣ್ಣಿನ ಸುದ್ದಿ ಕೇಳುವ ಮೊದಲೇ ಪೈಲ್ವಾನ ಪಾಸಾದ ಸುದ್ದಿ ಹೇಳಿದ್ದ.

ಹೊಡೆದಿದ್ದಾನೆ. ಬೇಲಿಗೆ ಒರಗಿ ನಿಂತವಳಿಗೆ ಹೊಳೆದದ್ದು ಇಷ್ಟೇ. ಇಷ್ಟು ಬೇಗ ಇಷ್ಟು ಹಸಿದ ನಾಯಿ ಇಷ್ಟು ಗಟ್ಟಿಯಾಗಿ ನಿಲ್ಲಬೇಕಾದರೆ ಚೆನ್ನಾಗಿ ಪೆಟ್ಟು ತಿಂದಿರಬೇಕು.

ಮ್ಯಾನೇಜರ ಕಾರು ಗೇಟು ದಾಟುತ್ತಿದ್ದಂತೆ ಅವಳು ಪೈಲ್ವಾನನ ಗೂಡಿಗೆ ಹೋದಳು. ಎಂದಿನಂತೆ ಅವನು ಎರಡು ಕಾಲ ಮೇಲೆ ನಿಂತು ಅವಳ ಹೆಗಲಿಗೆ ಕೈ ಹಾಕಲಿಲ್ಲ. ಹಿಂಭಾಗವನ್ನಷ್ಟೇ ಆಡಿಸಿದ. ಅವಳು ಪಟ್ಟಿ ಬಿಚ್ಚಿ ಕತ್ತಿನ ಸುತ್ತ ಕೂದಲು ಸರಿಸಿ ನೋಡಿದಳು. ಗಾಯವಿಲ್ಲ. ಪಕ್ಕೆ, ತೊಡೆ, ಬೆನ್ನು ಸವರಿದಳು. ಎಲ್ಲೂ ಬಾವು ಕಾಣಲಿಲ್ಲ. ಕಿವಿ ಮಾತ್ರ ಸುಡುತ್ತಿತ್ತು. ಬಾಯಿಯ ಒಳಗೆ ನೋಡೋಣವೆಂದು ಗದ್ದ ಹಿಡಿದು ಮೇಲೆತ್ತಿದ್ದೇ ತಡ, ಪೈಲ್ವಾನ ಕಿರುಚಿದ. ಪಕ್ಕದ ಗೂಡುಗಳೆಲ್ಲ ಒಮ್ಮೆಲೇ ಸುಮ್ಮನಾದವು. ಅವನು ಕಚ್ಚಲಿಲ್ಲ, ಹಿಂದೆ ಸರಿಯಲೂ ಇಲ್ಲ. ನಾಲ್ಕೂ ಕಾಲು ಅಗಲಿಸಿ, ಅಲುಗಾಡಿದರೆ ಏನೋ ಒಡೆದುಹೋಗುತ್ತದೆ ಎಂಬಂತೆ ನಡುಗುತ್ತ ನಿಂತ.

ಆಗ ಅವಳ ಕಣ್ಣಿಗೆ ನೀರಿನ ತೊಟ್ಟಿ ಬಿತ್ತು. ಗೂಡಿನ ಮೂಲೆಯಲ್ಲಿ, ನೆಲದ ಮಟ್ಟದಲ್ಲೇ ಇರುವ ಸಿಮೆಂಟಿನ ತೊಟ್ಟಿ. ಅದು ಅಂಚಿನವರೆಗೆ ತುಂಬಿತ್ತು. ನೀರಿನ ಮೇಲೆ ಧೂಳಿನ ಪದರ ಕೆನೆಯ ಹಾಗೆ ಕಟ್ಟಿಕೊಂಡಿತ್ತು. ಗೂಡು ತೊಳೆಯುವ ಹೆಂಗಸನ್ನು ಕರೆದು ಇದನ್ನು ಯಾವಾಗ ತುಂಬಿಸಿದ್ದು ಎಂದು ಕೇಳಿದಳು. ಖಾಲಿಯಾದರೆ ತಾನೇ ತುಂಬಿಸೋದು ಎಂದಳು ಅವಳು. ಮತ್ತೆ ಇವನು ನೀರು ಕುಡಿಯುವುದಾದರೂ ಹೇಗೆ ಎಂದರೆ ನಕ್ಕಳು. ಈ ವಾರ ಇವನಿಗೆ ಹೊಸ ಆಟ ಹತ್ತಿದೆಯಂತೆ. ತೊಳೆಯಲು ಪೈಪು ಹಿಡಿದರೆ ಸಾಕು, ಎದುರಿಗೆ ಬಂದು ಬಾಯಿ ತೆರೆದು ನಿಲ್ಲುತ್ತಾನಂತೆ. ಪೈಪು ಅಂದರೆ ಪ್ರಾಣ ಬಿಡುತ್ತಾನಂತೆ.

ತಂಗಿ ಒಂದು ಮರದ ಪೆಟ್ಟಿಗೆ ಬೋರಲು ಹಾಕಿ ಅದರ ಮೇಲೆ ಬಕೆಟ್ ನೀರಿಟ್ಟಳು. ಪೈಲ್ವಾನ ಮರದ ಕಾಲಿನವನಂತೆ ನಾಲ್ಕು ಹೆಜ್ಜೆ ಇಟ್ಟು ಬಂದ. ಬಕೆಟ್ಟು ಅರ್ಧಕ್ಕಿಂತ ಕೆಳಗಿಳಿಯುವ ತನಕ, ತಲೆ ಬಗ್ಗಿಸದೆ ನಾಲಿಗೆಗೆ ಎಟುಕುವ ತನಕ, ಉಸಿರೂ ತೆಗೆಯದೆ ಕುಡಿದ. ಎಟುಕದಾದಾಗ ನಿಲ್ಲಿಸಿ ಅವಳ ಮುಖ ನೋಡಿದ.

ಅವನು ಮಾಂಸ ಬಿಟ್ಟಿರಲಿಲ್ಲ. ಮಾಂಸ ಅವನಿಗೆ ಸಿಕ್ಕಿರಲಿಲ್ಲ. ನೆಲದವರೆಗೆ ಆ ಕತ್ತು ಇಳಿಯುತ್ತಿರಲಿಲ್ಲ. ಊಟ ಎದೆಯೆತ್ತರದಲ್ಲಿ ಬರುತ್ತಿದ್ದುದರಿಂದ ತಟ್ಟೆ ಖಾಲಿಯಾಗುತ್ತಿತ್ತು, ತಟ್ಟೆ ಖಾಲಿಯಾಗುತ್ತಿದ್ದುದರಿಂದ ಯಾರಿಗೂ ಅನುಮಾನ ಬಂದಿರಲಿಲ್ಲ. ಬೇರೆ ಯಾರ ಮನೆಯಲ್ಲಿದ್ದರೂ ಮೊದಲ ದಿನವೇ ಗೊತ್ತಾಗುತ್ತಿತ್ತು. ಈ ಅಂಗಳದಲ್ಲಿ ಮಾತ್ರ ಅದಕ್ಕೆ ಬೆನ್ನು ತಟ್ಟಿದ್ದರು.

ಊಟಕ್ಕೆ ಕೂತಿದ್ದ ಅಣ್ಣನಿಗೆ ಅವಳು ಇದನ್ನು ಹೇಳಿದಳು. ನಿಧಾನವಾಗಿಯೇ ಹೇಳಲು ನೋಡಿದಳು, ಆಗಲಿಲ್ಲ. ಅಣ್ಣ ತಟ್ಟೆಯಿಂದ ತಲೆ ಎತ್ತಲಿಲ್ಲ. ಕಚ್ಚಿಸಲೆಂದು ತೋಳಿಗೆ ಕಟ್ಟುವ ಮೆತ್ತೆಯನ್ನು ಹಿಡಿದು ಎಳೆದಾಡಿದ್ದಾನೆ, ಕತ್ತು ಸ್ವಲ್ಪ ಹಿಡಿದುಕೊಂಡಿರಬಹುದು, ಎರಡು ದಿನದಲ್ಲಿ ತಾನಾಗಿ ಬಿಡುತ್ತದೆ ಎಂದ. ಕತ್ತು ಬೇರೆ, ಪಾಠ ಬೇರೆ. ಪಾಠ ತಾನು ಕಲಿಸಿದ್ದು.

"ಹೇಗೆ ಕಲಿಸಿದೆ?"

"ಹೇಗೆ ಅಂದ್ರೆ? ಮಾಂಸ ಇಟ್ಟೆ, ಒಂದೇ ಒಂದ್ಸಲ ಬೆರಳು ತೋರಿಸ್ದೆ. ಅಷ್ಟೇ. ಕೆಲವರ ಬೆರಳಿಗೆ ಆ ತೂಕ ಇರತ್ತೆ ಕಣೇ, ಕೆಲವರದಕ್ಕೆ ಇರಲ್ಲ. ನೀನು ಮೂರು ತಿಂಗಳು ಕಿರುಚಿದ್ರೂ ಆಗ್ಲಿಲ್ಲ. ಅದಕ್ಕೆ ಈ ಹೊಟ್ಟೆ ಉರಿ."

ಅತ್ತಿಗೆ ಬಡಿಸುತ್ತಿದ್ದ ಚಮಚವನ್ನು ಪಾತ್ರೆಯೊಳಗೇ ಬಿಟ್ಟು ಒಳಗೆ ಹೋದರು. ಆ ಮನೆಯಲ್ಲಿ ಅದು ಜಗಳದ ಮಳೆ ಬರುವ ಮುನ್ಸೂಚನೆ ಇದ್ದ ಹಾಗೆ. ತಂಗಿ ಎದ್ದಳು. ಗೋಡೆಯ ಮೊಳೆಯಿಂದ ವ್ಯಾನಿನ ಕೀ ತೆಗೆದುಕೊಂಡಳು. ಪೈಲ್ವಾನನನ್ನು ಹೊಟ್ಟೆಯ ಕೆಳಗೆ ಕೈ ಹಾಕಿ, ಕತ್ತು ಅಲುಗದಂತೆ ಎತ್ತಿ ವ್ಯಾನಿಗೆ ಹತ್ತಿಸಿದಳು. ಹಿಂದಿನಿಂದ ಅಣ್ಣ ಎಲ್ಲಿಗೆ ಎಂದು ಕೂಗಿದ್ದು ಕೇಳಿಸಿತು. ಗೇರು ಹಾಕಿದಳು.

ಪಶು ಆಸ್ಪತ್ರೆಯ ಡಾಕ್ಟರಮ್ಮ ಮಾತಿನಲ್ಲಿ ಚುರುಕು, ಕೈಯಲ್ಲಿ ನಿಧಾನ. ನಡೆಸಿ ನೋಡಿದರು. ಜ್ವರ ನೋಡಿದರು, ಅದು ಜೋರಾಗಿಯೇ ಇತ್ತು. ಒಂದೊಂದೇ ಪಾದವನ್ನು ಮಡಚಿ ಹಿಂಬದಿ ನೆಲಕ್ಕೆ ತಾಗುವಂತೆ ಇಟ್ಟರು. ಪೈಲ್ವಾನ ಪ್ರತಿ ಸಲವೂ ಥಟ್ಟನೆ ಸರಿಮಾಡಿಕೊಂಡ. ಪಾದ ಎಲ್ಲಿದೆ ಎಂಬುದು ತಲೆಗೆ ಗೊತ್ತಾಗುತ್ತಿದೆ, ಬೆನ್ನುಹುರಿಗೆ ಇನ್ನೂ ಪೆಟ್ಟು ಬಿದ್ದಿಲ್ಲ ಎಂದರು. ಕೊನೆಗೆ ಕತ್ತು ಬಗ್ಗಿಸಲು ನೋಡಿದರು. ಅವನು ಮತ್ತೆ ಕಿರುಚಿದ. ಡಾಕ್ಟರಮ್ಮ ತಕ್ಷಣ ಕೈ ತೆಗೆದು ಅವನ ಎದೆ ಸವರಿದರು.

ಎಳೆಯ ವಯಸ್ಸು, ಬಾಕ್ಸರ್ ಜಾತಿ, ಜ್ವರ, ಇಂಥ ಕತ್ತು. ತಮಗೆ ಒಂದು ಅನುಮಾನ ಇದೆ, ಆದರೆ ಅನುಮಾನದ ಮೇಲೆ ಔಷಧಿ ಕೊಡುವುದಿಲ್ಲ ಎಂದರು. ಮತ್ತು ಬರಿಸಿ, ತಲೆಬುರುಡೆಯ ಹಿಂದೆ ಸೂಜಿ ಹಾಕಿ, ಮಿದುಳು ಬೆನ್ನುಹುರಿಗಳ ಸುತ್ತ ಇರುವ ನೀರನ್ನು ತೆಗೆದು ನೋಡಬೇಕು. ತಂಗಿ ಹೂಂ ಎಂದು ಹೊರಗಿನ ಬೆಂಚಿನಲ್ಲಿ ಕೂತಳು. ಎದುರಿಗೆ ಬೆಕ್ಕಿನ ಬುಟ್ಟಿ ತೊಡೆಯ ಮೇಲಿಟ್ಟುಕೊಂಡ ಮುದುಕರೊಬ್ಬರು ನಿಮ್ಮ ನಾಯಿಗೆ ಏನಾಗಿದೆ ಎಂದು ಕೇಳಿದರು. ನಮ್ಮಣ್ಣನ ತರಬೇತಿ ಆಗಿದೆ ಎಂದಳು. ಅವರು ಬುಟ್ಟಿಯನ್ನು ಸ್ವಲ್ಪ ಆಚೆ ಸರಿಸಿಕೊಂಡರು.

ಡಾಕ್ಟರಮ್ಮ ಹೊರಬಂದಾಗ ಅವರ ಕೈಯಲ್ಲೊಂದು ಸಣ್ಣ ಗಾಜಿನ ನಳಿಕೆ ಇತ್ತು. ಅದನ್ನು ಕಿಟಕಿಯ ಬೆಳಕಿಗೆ ಹಿಡಿದು ತೋರಿಸಿದರು. ಕುಡಿಯುವ ನೀರಿನಷ್ಟು ತಿಳಿಯಾಗಿರಬೇಕಾದದ್ದು ಅಕ್ಕಿ ತೊಳೆದ ನೀರಿನಂತೆ ಮಂಕಾಗಿತ್ತು. ಸೂಕ್ಷ್ಮದರ್ಶಕದಲ್ಲಿ ಬಿಳಿ ರಕ್ತಕಣಗಳು ಕಿಕ್ಕಿರಿದಿವೆ, ರೋಗಾಣು ಒಂದೂ ಕಾಣುತ್ತಿಲ್ಲ, ಆದರೂ ಖಾತ್ರಿಗೆ ದೊಡ್ಡ ಲ್ಯಾಬಿಗೆ ಕಳಿಸುತ್ತೇನೆ ಎಂದರು. ಮಿದುಳನ್ನೂ ಬೆನ್ನುಹುರಿಯನ್ನೂ ಸುತ್ತಿಕೊಂಡಿರುವ ತೆಳು ಪೊರೆ ಊದಿಕೊಂಡಿದೆ, ಅದರೊಳಗಿನ ರಕ್ತನಾಳಗಳೂ ಊದಿಕೊಂಡಿವೆ. ಹೊರಗಿನಿಂದ ಬಂದ ಸೋಂಕಲ್ಲ. ಶತ್ರುವಿನ ಮೇಲೆ ಬೀಳಬೇಕಾದ ಮೈಯೊಳಗಿನ ಪಡೆ ತನ್ನ ಮೈಯ ಮೇಲೆಯೇ ಬಿದ್ದಿದೆ. ಯಾಕೆ ಬೀಳುತ್ತದೆ ಎಂದು ಇನ್ನೂ ಪೂರ್ತಿ ಯಾರಿಗೂ ಗೊತ್ತಿಲ್ಲ. ಬೇಗ ಹಿಡಿದು ಸ್ಟೀರಾಯ್ಡ್ ಶುರು ಮಾಡಿದರೆ ಹೆಚ್ಚಿನವು ಚೆನ್ನಾಗಿ ಚೇತರಿಸಿಕೊಳ್ಳುತ್ತವೆ. ತಡವಾದರೆ, ಅಥವಾ ಅರ್ಧಂಬರ್ಧ ಔಷಧಿಯಾದರೆ, ಊತ ಬೆನ್ನುಹುರಿಗೇ ಇಳಿದು ಕಾಲುಗಳು ಹೋಗಬಹುದು.

ಹೊಡೆದರೆ ಹೀಗಾಗುತ್ತದೆಯೇ ಎಂದು ಅವಳು ಕೇಳಿದಳು.

"ಇಲ್ಲಮ್ಮ. ಇದು ಬಂದಿದ್ದು ಯಾರ ತಪ್ಪೂ ಅಲ್ಲ."

ಆ ಮಾತಿಗೆ ಅವಳಿಗೆ ಸಮಾಧಾನವಾಗಬೇಕಿತ್ತು. ಕೋಪ ಇನ್ನೂ ಹೆಚ್ಚಾಯಿತು. ದಾರಿಯುದ್ದಕ್ಕೂ ಅಣ್ಣನನ್ನು ಮನಸ್ಸಿನಲ್ಲೇ ಕಟಕಟೆಗೆ ಹತ್ತಿಸಿ ತೀರ್ಪನ್ನೂ ಕೊಟ್ಟಾಗಿತ್ತು. ಈಗ ಈ ಹೆಂಗಸು ಬಂದು ಆರೋಪಿಯನ್ನು ಬಿಟ್ಟುಬಿಡಿ ಎನ್ನುತ್ತಿದ್ದರು.

ಡಾಕ್ಟರಮ್ಮ ಕೈ ತೊಳೆಯುತ್ತ, ಈ ವಾರ ಅವನಿಗೆ ನೋವಿನ ಇಂಜೆಕ್ಷನ್ ಏನಾದರೂ ಕೊಟ್ಟಿದ್ದೀರಾ ಎಂದು ಕೇಳಿದರು. ನೋವಿಳಿಸುವ ಆ ಔಷಧಿ ಮೈಯಲ್ಲಿರುವಾಗಲೇ ಸ್ಟೀರಾಯ್ಡ್ ಬಿದ್ದರೆ ಹೊಟ್ಟೆಯ ಒಳಗೋಡೆ ಹುಣ್ಣಾಗಿ ರಕ್ತ ಸೋರಬಹುದು, ತೂತೇ ಬೀಳಬಹುದು. ಹಾಗೆ ಸತ್ತ ನಾಯಿಗಳನ್ನು ತಾವು ಕಂಡಿರುವುದಾಗಿ ಹೇಳಿದರು. ಕೊಟ್ಟಿದ್ದರೆ ಮೂರು ನಾಲ್ಕು ದಿನ ಕಾಯಲೇಬೇಕು. ಕೊಟ್ಟಿಲ್ಲವಾದರೆ ಈ ಕ್ಷಣವೇ ಶುರು ಮಾಡಬೇಕು, ಒಂದು ದಿನವೂ ಪೋಲು ಮಾಡುವಂತಿಲ್ಲ.

ಅವಳು ಅಣ್ಣನಿಗೆ ಫೋನ್ ಮಾಡಿದಳು. ನೋವಿನ ಇಂಜೆಕ್ಷನ್ ಎಂಬ ಮಾತು ಪೂರ್ತಿಯಾಗುವ ಮೊದಲೇ, ಏನೂ ಕೊಟ್ಟಿಲ್ಲ ಎಂದ ಅಣ್ಣ. ಸೋಮವಾರದೊಳಗೆ ನಾಯಿ ಅಂಗಳದಲ್ಲಿರಬೇಕು ಎಂದ. ಫೋನ್ ಇಟ್ಟ.

ಹುಟ್ಟಿದಾಗಿನಿಂದ ಅವನ ಜತೆ ಬೆಳೆದವಳು ಅವಳು. ಅವನು ನಿಜ ಹೇಳುವಾಗ ತಡವರಿಸುತ್ತಾನೆ. ಕನ್ನಡಿ ಒಡೆದಾಗ, ಅಪ್ಪನ ಸೈಕಲ್ಲು ಚರಂಡಿಗೆ ಬಿದ್ದಾಗ, ಪ್ರಶ್ನೆ ಮುಗಿಯುವ ಮೊದಲೇ ಉತ್ತರ ಬಂದಿತ್ತು.

"ಏನಂತೆ?" ಎಂದರು ಡಾಕ್ಟರಮ್ಮ. "ಶುರು ಮಾಡ್ಲಾ?"

"ಬೇಡ. ನಾನು ಹೋಗಿ ಕೇಳ್ಕೊಂಡು ಬರ್ತೀನಿ."

"ಈಗ ತಾನೇ ಕೇಳಿದ್ರಲ್ಲ?"

"ಮುಖ ನೋಡಿ ಕೇಳ್ಬೇಕು."

ಅಂಗಳ ತಲುಪಿದಾಗ ಅಣ್ಣ ಇನ್ನೊಂದು ನಾಯಿಗೆ ಬೆನ್ನಟ್ಟುವ ಪಾಠ ಮಾಡುತ್ತಿದ್ದ. ತೋಳಿಗೆ ಮೆತ್ತೆ ಕಟ್ಟಿಕೊಂಡು, ಬೆವರು ಸುರಿಸುತ್ತ. ತಂಗಿ ಗೇಟಿನಿಂದ ನೇರವಾಗಿ ನಡೆದು ಬಂದು ಅವನ ಮುಂದೆ ನಿಂತಳು. ಕಾಯಿಲೆ ಇಂಥದ್ದು, ಔಷಧಿ ಇಂಥದ್ದು, ನೀನು ಸುಳ್ಳು ಹೇಳಿದರೆ ಅದೇ ಔಷಧಿ ಅವನ ಹೊಟ್ಟೆ ತೂತು ಮಾಡುತ್ತದೆ ಎಂದಳು. ಅಣ್ಣ ಡಾಕ್ಟರುಗಳಿಗೆ ಹೆದರಿಸುವುದೇ ಕೆಲಸ ಎಂದ. ಮೆತ್ತೆಯ ಬೆಲ್ಟು ಬಿಚ್ಚುವ ನೆಪದಲ್ಲಿ ಮುಖ ಆ ಕಡೆ ತಿರುಗಿಸಿದ. ಬೆಲ್ಟು ಬಿಚ್ಚಿಕೊಳ್ಳಲು ಎಂದೂ ಅಷ್ಟು ಹೊತ್ತು ಹಿಡಿಯುತ್ತಿರಲಿಲ್ಲ.

"ಕೊಟ್ಟೆಯೋ ಇಲ್ಲವೋ?"

"ಹೇಳಿದ್ನಲ್ಲ, ಇಲ್ಲ ಅಂತ."

ಅಡುಗೆಮನೆಯ ಬಾಗಿಲಲ್ಲಿ ಅತ್ತಿಗೆ ನಿಂತಿದ್ದರು. "ಏನ್ರೀ, ಹೇಳ್ಬಿಡಿ," ಎಂದರು. "ನಾಯಿ ಹಿಡ್ಕೊಂಡವಳು ನಾನೇ. ನೀವು ಹೇಳ್ದಿದ್ರೆ ನಾನು ಹೇಳ್ತೀನಿ. ಆಮೇಲೆ ಹೆಂಡತಿ ಮರ್ಯಾದೆ ತೆಗೆದ್ಲು ಅನ್ಬೇಡಿ."

ಅಣ್ಣ ಮೆತ್ತೆಯನ್ನು ನೆಲಕ್ಕೆ ಎಸೆದ. ಹೌದು, ಕೊಟ್ಟೆ ಎಂದ. ವಾರದ ಮೊದಲಲ್ಲಿ ಒಮ್ಮೆ, ನಡುವೆ ಒಮ್ಮೆ, ಇವತ್ತು ಬೆಳಿಗ್ಗೆ ಮ್ಯಾನೇಜರು ಬರುವ ಮೊದಲು ಒಮ್ಮೆ. ಮೈ ಬಿಗಿದುಕೊಂಡು ನಡೆಯುತ್ತಿದ್ದ, ಮಂಕಾಗಿದ್ದ, ಇಂಜೆಕ್ಷನ್ ಕೊಟ್ಟರೆ ಚುರುಕಾಗುತ್ತಿದ್ದ. ಎಲ್ಲರೂ ಕೊಡುತ್ತಾರೆ. ಇದೇನು ಕೊಲೆಯೇ?

ಎದೆಯೊಳಗೆ ಇಷ್ಟು ಹೊತ್ತು ಅಲ್ಲಿ ಇಲ್ಲಿ ಹೊಯ್ದಾಡುತ್ತಿದ್ದ ಕೋಪ ಈಗ ಒಂದು ಕಡೆ ನಿಂತಿತು. ಕಾಯಿಲೆ ಬಂದದ್ದು ಯಾರ ತಪ್ಪೂ ಅಲ್ಲ, ಸರಿ. ನೋವಿದೆ ಎಂದು ಇವನಿಗೆ ಗೊತ್ತಿತ್ತು. ಗೊತ್ತಿದ್ದೂ ನೋವಿಗೆ ಪರದೆ ಎಳೆದು ಅವನನ್ನು ಅಂಗಳದ ನಡುವೆ ನಿಲ್ಲಿಸಿದ್ದ. ಆಮೇಲೆ ಡಾಕ್ಟರಮ್ಮನ ಬಾಯಿಂದ ಬಂದ ಪ್ರಶ್ನೆಗೆ, ಒಂದು ಜೀವ ಆಚೆ ಈಚೆಯಾಗುವ ಪ್ರಶ್ನೆಗೆ, ಸೋಮವಾರದ ಆಸೆಗೆ ಸುಳ್ಳು ಹೇಳಿದ್ದ. ಅವಳು ಆ ಮಾತನ್ನೇ ನಂಬಿದ್ದರೆ ಇಷ್ಟು ಹೊತ್ತಿಗೆ ಸ್ಟೀರಾಯ್ಡ್ ಒಳಗೆ ಹೋಗಿರುತ್ತಿತ್ತು.

ಅವಳು ಅಲ್ಲಿಂದಲೇ ಡಾಕ್ಟರಮ್ಮನಿಗೆ ಫೋನ್ ಮಾಡಿ, ಔಷಧಿಯ ಹೆಸರನ್ನು ಅಣ್ಣನ ಬಾಯಿಂದಲೇ ಹೇಳಿಸಿದಳು. ಫೋನ್ ಹಿಂದಕ್ಕೆ ಕೊಡುವಾಗ ಅಣ್ಣ ಹೇಳಿದ:

"ಇಂಜೆಕ್ಷನ್ ಕೊಟ್ಟಿದ್ದು ತಪ್ಪು. ಒಪ್ಕೋತೀನಿ. ಆದ್ರೆ ಅವನು ಮಾಂಸ ಬಿಟ್ಟಿದ್ದು ನನ್ನ ಪಾಠಕ್ಕೇ."

ಅವಳು ಅವನನ್ನೇ ನೋಡಿದಳು. ಅವನು ಸುಳ್ಳು ಹೇಳುತ್ತಿರಲಿಲ್ಲ. ತಡವರಿಸಿಕೊಂಡೇ ಹೇಳಿದ್ದ. ಅದನ್ನು ಅವನು ನಂಬಿದ್ದ, ತನ್ನ ಬೆರಳನ್ನು ನಂಬಿದ್ದ. ಸುಳ್ಳಿಗಾದರೂ ಬೈಯಬಹುದಿತ್ತು. ಇದಕ್ಕೆ ಯಾವ ಬೈಗುಳ ಹೊಂದುತ್ತದೆಂದು ಅವಳಿಗೆ ತಿಳಿಯಲಿಲ್ಲ. "ಥೂ," ಎಂದು ವ್ಯಾನ್ ಹತ್ತಿದಳು.

ಕಾಯುವ ದಿನಗಳು ಕೆಟ್ಟದಾಗಿದ್ದವು. ಸ್ಟೀರಾಯ್ಡಿಗೆ ತೊಡಕಾಗದ ಬೇರೆ ನೋವಿನ ಔಷಧಿ, ಹೊಟ್ಟೆ ಕಾಪಾಡುವ ಔಷಧಿ, ರಕ್ತನಾಳಕ್ಕೆ ಸಲೈನು. ಪೈಲ್ವಾನ ಆಸ್ಪತ್ರೆಯ ಹಾಸಿನ ಮೇಲೆ ಕತ್ತು ನೀಡಿಕೊಂಡು ಮಲಗಿರುತ್ತಿದ್ದ. ಯಾರಾದರೂ ಬಾಗಿಲು ತಳ್ಳಿದರೆ ಅವನ ಕಣ್ಣು ಮಾತ್ರ ತಿರುಗುತ್ತಿತ್ತು. ತಂಗಿ ಬೆಳಿಗ್ಗೆ ಸಂಜೆ ಹೋಗಿ ಅಂಗೈಯಲ್ಲಿ ನೀರು ಕುಡಿಸಿ ಬರುತ್ತಿದ್ದಳು. ಡಾಕ್ಟರಮ್ಮ ಪ್ರತಿ ದಿನ ಅವನ ಪಾದ ಮಡಚಿ ನೋಡುತ್ತಿದ್ದರು. ಮೂರನೆಯ ದಿನ ಹಿಂಗಾಲೊಂದು ಸರಿಮಾಡಿಕೊಳ್ಳಲು ತುಸು ತಡ ಮಾಡಿತು. ಡಾಕ್ಟರಮ್ಮ ಮತ್ತೊಮ್ಮೆ ಮಡಚಿದರು. ಮತ್ತೆ ತಡವಾಯಿತು. ಅಂದು ಅವಳು ಮನೆಗೆ ಬಂದು ಅಣ್ಣನಿರುವ ಕೋಣೆಯಲ್ಲಿ ಉಸಿರಾಡಲೂ ಮನಸ್ಸಿಲ್ಲದೆ ತಟ್ಟೆ ಎತ್ತಿಕೊಂಡು ಹೋಗಿ ಅಮ್ಮನ ಹಾಸಿಗೆಯ ಬಳಿ ಕೂತು ತಿಂದಳು. ಕಣ್ಣಿಗೆ ಪಟ್ಟಿ ಕಟ್ಟಿಕೊಂಡಿದ್ದ ಅಮ್ಮ, ನೀನು ಅಗಿಯುವ ಸದ್ದಿಗೇ ಗೊತ್ತಾಗುತ್ತದೆ, ಯಾರನ್ನು ಜಗಿಯುತ್ತಿದ್ದೀಯ ಎಂದು ಕೇಳಿದರು. ನಿನ್ನ ಮಗನನ್ನು ಎಂದಳು.

ಮರುದಿನ ಲ್ಯಾಬಿನವರು ಸೋಂಕಿಲ್ಲ ಎಂದರು. ಹೊಟ್ಟೆಯೂ ಸರಿಯಿತ್ತು. ಸ್ಟೀರಾಯ್ಡ್ ಶುರುವಾಯಿತು.

ಎರಡೇ ದಿನ. ಅವಳು ಒಳಗೆ ಕಾಲಿಡುತ್ತಿದ್ದಂತೆ ಪೈಲ್ವಾನ ಎದ್ದು ಮೈ ಕೊಡವಿದ, ಕಿವಿಯಿಂದ ಬಾಲದ ಬುಡದವರೆಗೆ. ಆಮೇಲೆ ನಡೆದು ಹೋಗಿ, ನೆಲದ ಮೇಲಿದ್ದ ಬೋಗುಣಿಗೆ ತಲೆ ಇಳಿಸಿ ನೀರು ಕುಡಿದ. ತಂಗಿ ಗೋಡೆಯ ಕಡೆ ತಿರುಗಿ ನಿಂತಳು. ಡಾಕ್ಟರಮ್ಮ ಅವಳಿಗೆ ಒಂದು ಹತ್ತಿಯ ಉಂಡೆ ಕೊಟ್ಟು, ಕಣ್ಣೊರೆಸಲು ಇಷ್ಟೇ ಇದೆ ಎಂದರು.

ಮನೆಗೆ ಕಳಿಸುವಾಗ ಡಾಕ್ಟರಮ್ಮ ಅವಳ ಎರಡೂ ಕೈ ಹಿಡಿದು ಹೇಳಿದರು. ಈಗಲೇ ನಿಜವಾದ ಅಪಾಯ. ನೋಡಲು ಪೂರ್ತಿ ಗುಣವಾದಂತೆ ಕಾಣುತ್ತಾನೆ. ಆಗಿಲ್ಲ. ಮಾತ್ರೆ ತಿಂಗಳುಗಟ್ಟಲೆ ನಡೆಯಬೇಕು, ಸ್ವಲ್ಪ ಸ್ವಲ್ಪವೇ ಇಳಿಸಬೇಕು. ಚೆನ್ನಾಗಿದ್ದಾನಲ್ಲ ಎಂದು ನಡುವೆ ನಿಲ್ಲಿಸಿದರೆ ಕಾಯಿಲೆ ಮರಳುತ್ತದೆ. ಮರಳಿದ್ದು ಮೊದಲಿನಷ್ಟು ಮಾತು ಕೇಳುವುದಿಲ್ಲ. ಹಸಿವು ಹೆಚ್ಚುತ್ತದೆ, ನೀರಡಿಕೆ ಹೆಚ್ಚುತ್ತದೆ, ಕಂಡಕಂಡಲ್ಲಿ ಉಚ್ಚೆ ಹೊಯ್ಯುತ್ತಾನೆ, ಬೈಯಬಾರದು. ಕತ್ತಿಗೆ ಪಟ್ಟಿ ಬೇಡ, ಎದೆಗೆ ಹಾಕುವ ಪಟ್ಟಿ ಹಾಕಿ.

ಅಣ್ಣ ಗೇಟಿನಲ್ಲೇ ನಿಂತಿದ್ದ. ಪೈಲ್ವಾನ ವ್ಯಾನಿನಿಂದ ಇಳಿದು ಅಂಗಳದ ತುಂಬ ಮೂಸಿಕೊಂಡು ಓಡಾಡಿದ್ದನ್ನು ನೋಡಿ ಅವನ ಮುಖ ಅರಳಿತು. ಅದರಲ್ಲಿ ಕಪಟವಿರಲಿಲ್ಲ. ನಾಯಿ ಬದುಕಿದ್ದು ಅವನಿಗೂ ಸಂತೋಷವೇ. ಮಂಡಿಯೂರಿ ಅವನ ಕೆನ್ನೆ ತಿಕ್ಕಿದ. ತಿಕ್ಕುತ್ತಲೇ, ಮ್ಯಾನೇಜರಿಗೆ ಒಂದು ವಾರ ಸಮಯ ಕೇಳಿದ್ದೆ, ಈ ಸೋಮವಾರ ಒಪ್ಪಿಸಿಬಿಡೋಣ, ಮಾತ್ರೆಯ ಪೊಟ್ಟಣವನ್ನೂ ಜತೆಗೆ ಕಳಿಸಿದರಾಯಿತು ಎಂದ.

ತಂಗಿ ವ್ಯಾನಿನ ಕೀಯನ್ನು ಗೋಡೆಯ ಮೊಳೆಗೆ ಹಾಕಲಿಲ್ಲ.

ಗೋದಾಮು ಅವಳಿಗೆ ಗೊತ್ತಿತ್ತು. ಕಾವಲುಗಾರರು ಪಾಳಿಪಾಳಿಗೆ ಬದಲಾಗುತ್ತಾರೆ. ನಾಯಿಯನ್ನು ಕತ್ತಲಾದ ಮೇಲೆ ಬಿಡುವುದು, ಬೆಳಗಾದ ಮೇಲೆ ಕತ್ತಿಗೆ ಸರಪಳಿ ಹಾಕಿ ಕಟ್ಟುವುದು. ಅಲ್ಲಿ ಯಾರು ಯಾರಿಗೆ ಮಾತ್ರೆ ಕೊಡಬೇಕು? ಹದಿನೈದು ದಿನಕ್ಕೆ ಪೊಟ್ಟಣ ಎಲ್ಲಿ ಹೋಯಿತೆಂದೇ ಯಾರಿಗೂ ಗೊತ್ತಿರುವುದಿಲ್ಲ. ಒಂದು ತಿಂಗಳಿಗೆ ಹಿಂಗಾಲು ಎಳೆಯುತ್ತಾನೆ. ಯಾರೋ ಒಬ್ಬ ಎಬ್ಬಿಸಲು ಒದೆಯುತ್ತಾನೆ. ಇದನ್ನೆಲ್ಲ ಅವಳು ಕೂಗದೆ ಹೇಳಿದಳು. ಮ್ಯಾನೇಜರಿಗೆ ಫೋನ್ ಮಾಡಿ ಕೊಡುವುದಿಲ್ಲ ಎಂದು ಹೇಳು ಎಂದಳು. ತಾನೇ ಮಾಡುತ್ತಿದ್ದಳು, ಆದರೆ ಅವರು ಮೇಷ್ಟ್ರ ಮಾತು ಬಿಟ್ಟು ಬೇರೆಯವರ ಮಾತು ಕೇಳುವವರಲ್ಲ. ಈ ಹಿಂದೆ ಒಮ್ಮೆ ಅವಳು ಫೋನ್ ಎತ್ತಿದಾಗ, ಗಂಡಸರು ಯಾರಾದರೂ ಇದ್ದರೆ ಕೊಡಮ್ಮ ಎಂದಿದ್ದರು.

ಅಣ್ಣ ಒಪ್ಪಲಿಲ್ಲ. ಕೊಟ್ಟ ಮಾತು ಏನಾಗಬೇಕು, ನಾಳೆ ಇನ್ನೊಂದು ಕಾರ್ಖಾನೆಯವರು ಏನಂದುಕೊಳ್ಳಬೇಕು ಎಂದ. ಕಾಯಿಲೆಯ ನಾಯಿಯನ್ನು ಕಲಿತ ನಾಯಿ ಅಂತ ತೋರಿಸಿದ ಎಂದು ಆಡಿಕೊಳ್ಳುವುದಿಲ್ಲವೇ ಎಂದ.

"ತೋರಿಸಿದೀಯಲ್ಲ?"

"ಕಲಿತಿದ್ದಾನೆ ಕಣೇ ಅವನು. ಎಷ್ಟು ಸಲ ಹೇಳ್ಬೇಕು ನಿನಗೆ?"

ಅವಳು ಅಡುಗೆಮನೆಗೆ ಹೋಗಿ ಒಂದು ಬ್ರೆಡ್ಡಿನ ಚೂರು ತಂದು ಅವನ ಕೈಗೆ ಕೊಟ್ಟಳು. ಹಾಕು ಎಂದಳು. ಅಣ್ಣ ಅದನ್ನು ನೆಲಕ್ಕೆ ಹಾಕಿ ಬೆರಳು ಎತ್ತಿದ. ಬೆರಳು ಪೂರ್ತಿ ಮೇಲೇಳುವ ಮೊದಲೇ ನೆಲ ಸ್ವಚ್ಛವಾಗಿತ್ತು. ಪೈಲ್ವಾನ ಬೆರಳನ್ನೂ ಒಮ್ಮೆ ಮೂಸಿ ನೋಡಿದ, ಅದೂ ತಿನ್ನುವಂಥದ್ದೋ ಏನೋ ಎಂದು.

ಸ್ಟೀರಾಯ್ಡಿನ ಹಸಿವು ಎಂದ ಅಣ್ಣ.

"ಆಯ್ತು, ಸ್ಟೀರಾಯ್ಡಿನ ಹಸಿವೇ ಅನ್ನು. ಗೋದಾಮಿನ ಗೋಡೆಯಾಚೆಯಿಂದ ಮಾಂಸ ಎಸೆಯೋನು ಕೇಳ್ಕೊಂಡು ಎಸೀತಾನಾ? ಹೋದ ಮೊದಲ ರಾತ್ರಿನೇ ಸಾಯ್ತಾನೆ ಇವನು. ಆಗ ಏನಂತೀಯ ಮ್ಯಾನೇಜರಿಗೆ? ಬೆರಳು ಕಳಿಸಿಕೊಡ್ಲಾ ಅಂತೀಯಾ?"

ಬಾಗಿಲಲ್ಲಿ ಅತ್ತಿಗೆ ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ಅಣ್ಣ ಅವರ ಕಡೆ ನೋಡಿದ, ಪೈಲ್ವಾನನ ಕಡೆ ನೋಡಿದ. ಪೈಲ್ವಾನ ಅವನ ಬೂಟಿನ ಪಕ್ಕದಲ್ಲೇ ಧಾರಾಳವಾಗಿ ಉಚ್ಚೆ ಹೊಯ್ದ. ಅಣ್ಣ ಕಾಲು ಹಿಂದೆ ತೆಗೆದುಕೊಂಡ. ಆಮೇಲೆ ಜೇಬಿನಿಂದ ಫೋನ್ ತೆಗೆದ.

ತಡವರಿಸುತ್ತಲೇ ಮಾತಾಡಿದ. ಆ ನಾಯಿಯನ್ನು ಕೊಡಲಾಗುವುದಿಲ್ಲ, ಮಿದುಳು ಬೆನ್ನುಹುರಿಯ ಪೊರೆಯ ಕಾಯಿಲೆ ಎಂದ. ಆ ಕಡೆಯಿಂದ ಏನೋ ಕೇಳಿದರು. ಇಲ್ಲ ಸಾರ್, ಈಗ ಬಂದಿದ್ದಲ್ಲ, ನೀವು ನೋಡಿದ ದಿನವೂ ಇತ್ತು ಎಂದ. ಮತ್ತೇನೋ ಕೇಳಿದರು. ಈ ಸಲ ಉತ್ತರ ಬರುವುದು ತಡವಾಯಿತು. ತಂಗಿ ಕಣ್ಣು ಮಿಟುಕಿಸದೆ ಅವನನ್ನೇ ನೋಡುತ್ತಿದ್ದಳು.

"ಕತ್ತು ಬಗ್ತಿರ್ಲಿಲ್ಲ ಸಾರ್, ಅದಕ್ಕೇ ಮುಟ್ಲಿಲ್ಲ. ಕಲಿತಿರ್ಲಿಲ್ಲ." ಅಲ್ಲಿಗೆ ನಿಲ್ಲಿಸಬಹುದಿತ್ತು. ನಿಲ್ಲಿಸಲಿಲ್ಲ. ದನಿಯನ್ನು ಸ್ವಲ್ಪ ಏರಿಸಿ ಸೇರಿಸಿದ: "ಆದ್ರೆ ನನ್ನ ಕೈಲಿ ಇನ್ನೊಂದು ವಾರ ಇದ್ದಿದ್ರೆ ಕಲೀತಿದ್ದ."

ಅವಳು ಕೈ ಚಾಚಿ ಫೋನ್ ಕಸಿದುಕೊಂಡಳು.

"ಇಲ್ಲ ಸಾರ್. ಒಂದು ವರ್ಷ ಇದ್ದಿದ್ರೂ ಕಲೀತಿರ್ಲಿಲ್ಲ," ಎಂದಳು. ಆ ಕಡೆಯವರು ಏನನ್ನುತ್ತಾರೆಂದು ಕೇಳಿಸಿಕೊಳ್ಳದೆ ಫೋನನ್ನು ಅಣ್ಣನ ಅಂಗೈಗೆ ವಾಪಸು ಹಾಕಿದಳು.

ಅವನ ಕಿವಿ ಕೆಂಪಾಗಿತ್ತು. "ಅಷ್ಟನ್ನೂ ಬಿಡಲ್ಲ ಅಲ್ವಾ ನೀನು?" ಎಂದ.

"ಬಿಡಲ್ಲ."

ಪೈಲ್ವಾನ ಆಗಲೇ ಅಡುಗೆಮನೆಯ ಕಡೆ ಎಳೆಯುತ್ತಿದ್ದ. ಎದೆಪಟ್ಟಿಯ ಹಗ್ಗವನ್ನು ಕೈಗೆ ಸುತ್ತಿಕೊಂಡು ಅವಳು ಅವನ ಹಿಂದೆ ಹೋದಳು. ಸಂಜೆಯ ಮಾತ್ರೆಯ ಹೊತ್ತಾಗಿತ್ತು.